ಕಟಕಟವೋ, ಕಟಕ್ ಕಟಕ್ಕೋ?

ಮಲೆನಾಡಿನ ಯಾವ ಪೇಟೆಗೆ ಹೋದರೂ ಗ್ಯಾರೇಜಿನ ಎದುರು ಒಂದು ಟೀ ಅಂಗಡಿ, ಅದರ ಬೆಂಚಿನ ಮೇಲೆ ಇವರು. ಸ್ಪಾನರ್ ಹಿಡಿದವರಲ್ಲ, ಪಂಚೆಗೆ ಒಂದು ಹನಿ ಗ್ರೀಸ್ ಸೋಕಿಸಿಕೊಂಡವರಲ್ಲ. ಬಂಡವಾಳ ಎರಡೇ ಕಿವಿ. ಮೂಡಿಗೆರೆ ಕಡೆಯ ನಮ್ಮೂರಲ್ಲಿ ಅವರಿಗೆ ಸೌಂಡಣ್ಣ ಎಂದೇ ಹೆಸರು.

ತೋಟದ ಜೀಪು ಸದ್ದು ಮಾಡುತ್ತಿಲ್ಲವೆಂದರೆ ಅದು ನಿಂತಿದೆ ಎಂದರ್ಥ. ಹೀಗಾಗಿ ಸೌಂಡಣ್ಣನಿಗೆ ಬಿಡುವಿಲ್ಲ. ನನ್ನ ಫೋರ್ ವೀಲ್ ಜೀಪಿನ ಅಡಿಯಿಂದ ಹೊಸ ಸದ್ದೊಂದು ಹೊರಟಾಗ ನಾನು ತಿಳಿಯದೆ ನೇರ ಮೇಸ್ತ್ರಿಯ ಬಳಿ ಹೋದೆ. ಬೆಂಚಿನಿಂದ ಪ್ರಶ್ನೆ ಬಂತು: ‘ಏನಂತದೆ?’ ಏನಾಗಿದೆ ಎಂದಲ್ಲ, ಏನಂತದೆ!

‘ಕಟಕಟ ಅಂತದೆ.’

‘ಕಟಕಟವೋ, ಕಟಕ್ ಕಟಕ್ಕೋ?’

ತಬ್ಬಿಬ್ಬಾದೆ. ಅನುಕರಣಾವ್ಯಯ ಇರುವುದು ಎರಡು ಮಾರ್ಕಿಗೆ ಎಂದುಕೊಂಡು ಶಾಲೆ ಮುಗಿಸಿದವನು ನಾನು. ಇಲ್ಲಿ ಅದರ ಮೇಲೆ ಜೀಪಿನ ಆಯಸ್ಸೇ ನಿಂತಿತ್ತು. ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಒಮ್ಮೆ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿದೆ. ಮೆಲ್ಲಗೆ ಹೋಗುವಾಗ ಅಳಿಲಿನಂತೆ ‘ಕಿಚಿಕಿಚಿ’ ಎಂದರೆ ಅದೇ ಕ್ರಾಸಿನ ಗ್ರೀಸ್ ಬತ್ತಿದೆ. ‘ಗುಂಯ್’ನಲ್ಲಿ ಎರಡು ಜಾತಿ. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಎಂದಾದರೆ ಕ್ರೌನ್ ಪಿನಿಯನ್. ಒತ್ತಿದರೂ ಬಿಟ್ಟರೂ ಅದೇ ಗುಂಯ್, ಬಲಕ್ಕೆ ತಿರುಗಿಸಿದಾಗ ಮಾತ್ರ ಜೋರು ಎಂದಾದರೆ ಎಡಚಕ್ರದ ಬೇರಿಂಗ್. ‘ಭಾರ ಆ ಕಡೆ ಬೀಳ್ತದಲ್ಲ ಮಾರಾಯ!’

ಟೈರಿಗೆ ಸುಣ್ಣದ ಗುರುತು ಹಾಕಿಸಿದರು. ಇಬ್ಬರು ಹುಡುಗರು ಜೀಪು ತಳ್ಳಿದರು. ಪಂಚೆ ಎತ್ತಿಕಟ್ಟಿ, ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈ ಕಿವಿಯ ಹಿಂದೆ, ಅರ್ಧ ಬಗ್ಗಿ ಪಕ್ಕದಲ್ಲೇ ನಡೆಯುತ್ತ ಸೌಂಡಣ್ಣ ಎಣಿಸಿದರು. ಚಕ್ರದ ಒಂದು ಸುತ್ತಿಗೆ ಒಂದೇ ಸಲ ಅಂದರೆ ತಪ್ಪು ಚಕ್ರದ ಕಡೆಯದು, ಐದು ಸಲ ಅಂದರೆ ಶಾಫ್ಟಿನದು. ‘ಮಿಲಿಟ್ರಿ ವಿಲ್ಲೀಸಿನಲ್ಲಿ ಚಕ್ರ ಒಂದು ಸುತ್ತು ಬರೋಕೆ ಶಾಫ್ಟು 4.88 ಸುತ್ತು. 1945ರಲ್ಲಿ ಸಿವಿಲಿಯನ್ ಜೀಪು ಬಂತು ನೋಡು, ಅದಕ್ಕೆ 5.38.’ ಆ ಚಿಲ್ಲರೆಯನ್ನು ಅವರು ಸೊಸೈಟಿಯ ಬಡ್ಡಿ ಲೆಕ್ಕದಂತೆ ಒತ್ತಿ ಹೇಳುತ್ತಾರೆ.

ಅವರು ಹೇಳಿದ್ದು ಸುಳ್ಳಾಗುವುದಿಲ್ಲ, ಒಪ್ಪಬೇಕು. ಸಂಕಟವಿರುವುದು ರಿಪೇರಿಯಲ್ಲಿ. ಮೇಸ್ತ್ರಿ ಸ್ಪಾನರ್ ಎತ್ತಿದರೆ ಸಾಕು, ‘ತಡಿ, ಇನ್ನೊಂದು ವಾರ ಬಲೀಲಿ’ ಎನ್ನುತ್ತಾರೆ, ಹಲಸಿನಕಾಯಿ ಬಡಿದು ನೋಡಿದವರಂತೆ. ಅಂತೂ ಅವರೇ ಮುಂದೆ ಕೂತು, ಇದ್ದಬದ್ದ ಲಿವರನ್ನೆಲ್ಲ ಎಳೆದು ನೋಡಿ, ‘ಹಿಂದಿನ ಕ್ರಾಸ್’ ಎಂದು ತೀರ್ಪಿತ್ತರು. ಹೊಸ ಕ್ರಾಸ್ ಬಿತ್ತು, ಸದ್ದು ಸತ್ತಿತು. ಸೌಂಡಣ್ಣ ಸೂತಕದ ಮುಖ ಹೊತ್ತು ಮನೆಗೆ ಹೋದರು.

ಮರುದಿನ ಕೊಟ್ಟಿಗೆಹಾರದ ಟಾರು ರಸ್ತೆಯ ತಿರುವಿನಲ್ಲಿ ಸ್ಟೇರಿಂಗ್ ಕಲ್ಲಾಯಿತು. ಚಕ್ರಗಳು ಕುಪ್ಪಳಿಸಿ ‘ಗಕ್ ಗಕ್’ ಎಂದವು. ಹೆದರಿ ವಾಪಸು ತಂದೆ. ಸೌಂಡಣ್ಣನಿಗೆ ಜೀವ ಬಂತು. ‘ಗಕ್ ಅಂದ್ರೆ ಒಳಗಿನದು. ಡಿಫರೆನ್ಷಿಯಲ್ ಇಳಿಸ್ಲೇಬೇಕು.’ ಬೆಂಚಿನವರೆಲ್ಲ ಹೌದೆಂದರು. ನಾನು ಮನಸ್ಸಿನಲ್ಲೇ ಕಾಫಿ ಮಾರತೊಡಗಿದೆ.

ಗ್ಯಾರೇಜಿನ ಸಣ್ಣ ಹುಡುಗ ಒಳಗೆ ಇಣುಕಿ, ‘ಫೋರ್ ವೀಲಲ್ಲೇ ಐತಲ್ಲಣ್ಣ’ ಎಂದ. ಮುನ್ನಾದಿನ ಟೆಸ್ಟಿಗೆಂದು ಅದನ್ನು ಎಳೆದ ಕೈ ಯಾರದೆಂದು ಯಾರೂ ಕೇಳಲಿಲ್ಲ. ಕೆಸರಾಗಿದ್ದರೆ ಚಕ್ರ ಜಾರಿ ಸರಿಹೋಗುತ್ತಿತ್ತು. ಒಣ ಟಾರಿನ ತಿರುವಿನಲ್ಲಿ ಮುಂದಿನ ಚಕ್ರಗಳಿಗೆ ದಾರಿ ಹೆಚ್ಚು, ಹಿಂದಿನವಕ್ಕೆ ಕಡಿಮೆ. ಎರಡನ್ನೂ ಒಂದಕ್ಕೊಂದು ಬಿಗಿದಿಟ್ಟರೆ ತಿಕ್ಕಾಟವೆಲ್ಲ ಶಾಫ್ಟಿನಲ್ಲೇ ಹುರಿಗಟ್ಟುತ್ತದೆ. ಲಿವರ್ ಕೂಡ ಕಚ್ಚಿಕೊಂಡಿತ್ತು. ಹುಡುಗ ನಾಲ್ಕು ಮಾರು ರಿವರ್ಸ್ ತಗೊಂಡ. ‘ಟಪ್’, ಬಿಟ್ಟುಕೊಂಡಿತು.

ಎಲ್ಲರೂ ಸೌಂಡಣ್ಣನನ್ನು ನೋಡಿದರು. ಅವರು ಮಾತಿಲ್ಲದೆ ಜೀಪು ಹತ್ತಿ, ಹೊರಡು ಎಂದು ಸನ್ನೆ ಮಾಡಿದರು. ಒಂದು ಫರ್ಲಾಂಗ್ ಕಣ್ಣು ಮುಚ್ಚಿ ಕೂತಿದ್ದವರು ನನ್ನ ತೊಡೆ ಅದುಮಿದರು.

‘ಶ್! ಈಗ ಬಾಯಿ ಬಿಡ್ತು. ಎಡಗಡೆ ಬೇರಿಂಗ್. ಇಷ್ಟೊತ್ತೂ ಆ ಗಕ್ಕು ಇದನ್ನ ಮಾತಾಡಕ್ಕೇ ಬಿಟ್ಟಿರ್ಲಿಲ್ಲ. ಕೇಳ್ತಾ?’

ಕಿವಿಗೊಟ್ಟೆ. ಏನೋ ಇತ್ತು. ‘ಹೌದು, ಗುಂಯ್ ಅಂತದೆ’ ಎಂದೆ.

‘ಗುಂಯ್ ಅಲ್ಲ ಮಾರಾಯ,’ ಎಂದು ತಿದ್ದಿದರು. ‘ಗೂಂಯ್.’