ಬೀಗರು ಬರೆದುಕೊಟ್ಟ ಮಾತ್ರೆ

ಎಪ್ಪತ್ತು ದಾಟಿಯೂ ರಾತ್ರಿ ಊಟದ ಮೇಲೊಂದು ಆಸ್ಪಿರಿನ್ ನುಂಗದವರನ್ನು ನಮ್ಮ ಪಾರ್ಕಿನ ಕಲ್ಲುಬೆಂಚು ನಾಸ್ತಿಕರ ಲೆಕ್ಕಕ್ಕೆ ಸೇರಿಸುತ್ತದೆ. ‘ಹಾರ್ಟ್ ಪ್ರಾಬ್ಲಮ್ಮಾ?’ ಎಂದರೆ, ‘ಇಲ್ಲಪ್ಪ, ಬರದೇ ಇರ್ಲಿ ಅಂತ.’ ಬರೆದುಕೊಟ್ಟವರು ಯಾರು? ಬೀಗರು. ಬೀಗರಿಗೆ ಹೇಳಿದ್ದು? ಅವರ ಅಮೆರಿಕದ ಮಗ. ‘ರಕ್ತ ತೆಳ್ಳಗಾಗುತ್ತೆ, ಒಳ್ಳೇದು.’ ಹಾಲು ತೆಳ್ಳಗಾದರೆ ಬೀದಿಗಿಳಿದು ಜಗಳಕ್ಕೆ ನಿಲ್ಲುವವರು ರಕ್ತ ತೆಳ್ಳಗಾದರೆ ಹಿಗ್ಗುತ್ತಾರೆ!

ಈ ಪಂಥದ ಆದಿಗುರು ಕ್ಯಾಲಿಫೋರ್ನಿಯಾದ ಡಾಕ್ಟರ್ ಲಾರೆನ್ಸ್ ಕ್ರೇವನ್. ಆಸ್ಪಿರಿನ್ ತಿಂದ ತಮ್ಮ ಸುಮಾರು 8,000 ರೋಗಿಗಳಲ್ಲಿ ಒಬ್ಬರಿಗೂ ಹೃದಯಾಘಾತವಾಗಿಲ್ಲವೆಂದು 1950ರ ದಶಕದಲ್ಲಿ ಸಾರಿದವರು. 1957ರಲ್ಲಿ ಅವರೇ ಹೃದಯಾಘಾತದಿಂದ ತೀರಿಕೊಂಡರು. ಗುರು ಹೋದರು, ಪಂಥ ಬೆಳೆಯಿತು.

ಕೊನೆಗೆ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ‘ಆಸ್ಪ್ರೀ’ ಎಂಬ ಪ್ರಯೋಗ ನಡೆಯಿತು. ಹೃದ್ರೋಗವಿಲ್ಲದ 19,114 ಹಿರಿಯರು, ಬಹುಪಾಲು 70 ದಾಟಿದವರು. ಅರ್ಧ ಜನಕ್ಕೆ ದಿನಕ್ಕೆ 100 ಮಿ.ಗ್ರಾಂ ಆಸ್ಪಿರಿನ್, ಉಳಿದವರಿಗೆ ಮದ್ದೇ ಇಲ್ಲದ ಹುಸಿಮಾತ್ರೆ. ಸುಮಾರು ಐದು ವರ್ಷದ ಲೆಕ್ಕ 2018ರಲ್ಲಿ ಹೊರಬಿತ್ತು: ಆಸ್ಪಿರಿನ್ ಕಡೆ ಸತ್ತವರು ಶೇ 5.9, ಹುಸಿಮಾತ್ರೆ ಕಡೆ ಶೇ 5.2. ತೀವ್ರ ರಕ್ತಸ್ರಾವ ಶೇ 3.8 ಮತ್ತು ಶೇ 2.8. ಹೃದಯಕ್ಕೆ ಹೇಳಿಕೊಳ್ಳುವಂಥ ಲಾಭವಿಲ್ಲ. ಹೆಚ್ಚುವರಿ ಸಾವುಗಳಲ್ಲಿ ಕ್ಯಾನ್ಸರಿನದೇ ದೊಡ್ಡ ಪಾಲು. ಇದನ್ನು ಮಾತ್ರ ಎಚ್ಚರದಿಂದ ಓದಿ ಎಂದು ಸಂಶೋಧಕರೇ ಹೇಳಿದರು. ಅಂತೂ ಗೆದ್ದದ್ದು ಹುಸಿಮಾತ್ರೆ. ಪಾಪ, ಅದಕ್ಕೆ ಜಾಹೀರಾತು ಕೊಡುವ ಕಂಪನಿಯೂ ಇಲ್ಲ, ಶಿಫಾರಸು ಮಾಡುವ ಬೀಗರೂ ಇಲ್ಲ.

ಹೃದ್ರೋಗವಿಲ್ಲದವರು 60ರ ಮೇಲೆ ಹೊಸದಾಗಿ ಶುರುಮಾಡುವುದೇ ಬೇಡ ಎಂದು 2022ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆಯೂ ಹೇಳಿತು. ಅಮೆರಿಕದ ಮಗ ಅದನ್ನು ವಾಟ್ಸಾಪಿಗೆ ಹಾಕುವುದನ್ನು ಮರೆತ.

ಸುದ್ದಿ ಈಗ ತಡವಾಗಿ ಬೆಂಚಿಗೆ ಮುಟ್ಟಿದೆಯೆನ್ನಿ. ಹೃದಯ ಕಲ್ಲುಗುಂಡಿನಂತಿರುವ ರಾಯರು, ‘ಇಷ್ಟು ವರ್ಷದಿಂದ ತಗೋತಿದ್ದೀನಿ, ನನಗೇನಾಗಿದೆ?’ ಎಂದು ಮಾತ್ರೆ ಮುಂದುವರಿಸುತ್ತಾರೆ. ಸ್ಟೆಂಟ್ ಹಾಕಿಸಿಕೊಂಡು, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಲೇಬಾರದ ಗೌಡರು ಇವತ್ತೇ ಡಬ್ಬಿಯನ್ನು ಕಸಕ್ಕೆಸೆಯುತ್ತಾರೆ. ಆ ಪ್ರಯೋಗಕ್ಕೆ ಗೌಡರಂಥವರನ್ನು ಸೇರಿಸಿಕೊಂಡೇ ಇರಲಿಲ್ಲ ಎನ್ನುವಷ್ಟು ಕೆಳಗಿನ ಸಾಲಿನವರೆಗೆ ಓದುವ ವ್ಯವಧಾನ ಯಾರಿಗಿದೆ?

ಡಾಕ್ಟರನ್ನೇ ಕೇಳಬಾರದೇ ಅಂದಿರಾ? ಅವರು ಫೀಸು ತಗೊಳ್ಳುತ್ತಾರೆ. ಬೆಂಚಿನದು ಪುಕ್ಕಟೆ ಸಲಹೆ; ಅದರ ಬಿಲ್ಲು ಐಸಿಯುನಿಂದ ಬರುತ್ತದೆ, ಮಕ್ಕಳ ಹೆಸರಿಗೆ.