ಗಾಜಿನ ತೊಟ್ಟಿಗೆ ಸೋಡಾ ಸೇವೆ

ಜಗತ್ತಿನ ಸರಕಾರಗಳೆಲ್ಲ ಸಭೆ ಸೇರಿ, ಇಂಗಾಲದ ಡೈಆಕ್ಸೈಡನ್ನು ಕಡಿಮೆ ಮಾಡುವುದು ಹೇಗೆಂದು ತಲೆ ಕೆಡಿಸಿಕೊಳ್ಳುತ್ತಿವೆ. ಇದೇ ಹೊತ್ತಿನಲ್ಲಿ, ಅದನ್ನು ಮನೆಯಲ್ಲೇ ಅಗ್ಗವಾಗಿ ತಯಾರಿಸುವುದು ಹೇಗೆಂದು ತಲೆ ಕೆಡಿಸಿಕೊಳ್ಳುವ ಸಣ್ಣದೊಂದು ಪಂಗಡವೂ ಇದೆ. ನಾನು ಆ ಪಂಗಡದವನು. ಊರು ದಾವಣಗೆರೆ, ಚಟ ಅಕ್ವೇರಿಯಂ.

ಅಕ್ವೇರಿಯಂ ಅಂದರೆ ಮೀನು ಎಂದುಕೊಂಡು ಮನೆಗೆ ಬರುವವರಿಗೆ ನನ್ನ ತೊಟ್ಟಿ ನಿರಾಸೆ ಮಾಡುತ್ತದೆ. "ಮೀನು ಎಲ್ಲಿ ಸಾರ್?" ಎಂದು ಗಾಜಿಗೆ ಮೂಗು ಒತ್ತಿ ಹುಡುಕುತ್ತಾರೆ. ಮೀನು ಇವೆ, ಗಿಡಗಳ ಸಂದಿಯಲ್ಲಿ. ಯಜಮಾನಿಕೆ ಗಿಡಗಳದ್ದು. ಅವಕ್ಕೆ ಬೆಳಕು, ಗೊಬ್ಬರ ಕೊಟ್ಟರೆ ಮುಗಿಯಲಿಲ್ಲ, ಗಾಳಿಯೂ ಬೇಕು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ತಾನಾಗಿ ನೀರಿಗೆ ಇಳಿಯುವುದು ಲೀಟರಿಗೆ ಒಂದು ಮಿಲಿಗ್ರಾಮಿಗೂ ಕಡಿಮೆ. ಕೆಂಪೆಲೆಯ ಶೋಕಿ ಗಿಡಗಳು ಕೇಳುವುದು 20ರಿಂದ 30 ಮಿಲಿಗ್ರಾಂ. ಇದನ್ನು ಮನೆಯಲ್ಲಿ ವಿವರಿಸಿದಾಗ ಹೆಂಡತಿ ಕೇಳಿದಳು: "ನಾವು ನಾಲ್ಕು ಜನ ಹಗಲೂ ರಾತ್ರಿ ಉಸಿರು ಬಿಡ್ತಾನೇ ಇದೀವಲ್ರೀ, ಅದು ಸಾಲದಾ? ಇನ್ನು ದುಡ್ಡು ಕೊಟ್ಟು ಬೇರೆ ತರಬೇಕಾ?" ಈ ಪ್ರಶ್ನೆಗೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ.

ಈ ಹುಚ್ಚಿಗೊಬ್ಬ ಗುರುವಿದ್ದಾನೆ, ಜಪಾನಿನ ತಕಾಶಿ ಅಮಾನೊ. 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ. ಮೊದಲು ಸೈಕಲ್ ಪಂದ್ಯಗಳ ಓಟಗಾರ, ಆಮೇಲೆ ಛಾಯಾಗ್ರಾಹಕ, ಕೊನೆಗೆ ನೀರೊಳಗಿನ ತೋಟಗಾರ. ಸೋಡಾ ನೀರನ್ನು ತೊಟ್ಟಿಗೆ ಸುರಿದು ನೋಡಿದ್ದೇ ಅವನ ಗ್ಯಾಸಿನ ಪ್ರಯೋಗಕ್ಕೆ ನಾಂದಿ ಎಂದು ಅಕ್ವೇರಿಯಂ ಮಂದಿ ಕಥೆ ಹೇಳುತ್ತಾರೆ. ಕಥೆ ಕೇಳಿದ ನನಗೆ ಸ್ವಲ್ಪ ಅಸೂಯೆಯಾಯಿತು. ಸೋಡಾ ವಿಷಯದಲ್ಲಿ ದಾವಣಗೆರೆಯವರಿಗೆ ಜಪಾನಿನವರು ಪಾಠ ಹೇಳುವುದೇ?

ಈ ಊರು ನಿಂತಿರುವುದೇ ಆ ಗ್ಯಾಸಿನ ಮೇಲೆ. ಬೆಣ್ಣೆದೋಸೆಯ ಮೈತುಂಬ ತೂತು ಬೀಳುವುದು, ಹುಳಿ ಬಂದ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡಿನಿಂದ. ಮಂಡಕ್ಕಿಯ ಜೊತೆಗಿನ ಮಿರ್ಚಿ ಉಬ್ಬುವುದು ಕಡಲೆಹಿಟ್ಟಿಗೆ ಹಾಕಿದ ಚಿಟಿಕೆ ಸೋಡಾದಿಂದ. ಖಾರ ಹತ್ತಿದ ಮೇಲೆ ಕುಡಿಯುವ ಗೋಲಿಸೋಡಾದಲ್ಲಿ ಗೋಲಿಯನ್ನು ಕತ್ತಿಗೆ ಒತ್ತಿ ಹಿಡಿದಿರುವುದೂ ಅದೇ. ಆ ಬಾಟಲಿಯನ್ನು 1870ರ ದಶಕದಲ್ಲಿ ರೂಪಿಸಿದವನು ಇಂಗ್ಲೆಂಡಿನ ಹೈರಮ್ ಕಾಡ್. ಅವನಿಗೂ ಮೊದಲು, 1772ರಲ್ಲಿ, ನೀರಿಗೆ ಗ್ಯಾಸು ತುಂಬುವ ವಿಧಾನವನ್ನು ಜೋಸೆಫ್ ಪ್ರೀಸ್ಟ್ಲಿ ಅಚ್ಚು ಹಾಕಿಸಿದ್ದ. ಅವನಿಗೆ ಗ್ಯಾಸು ಸಿಕ್ಕಿದ್ದು ಲೀಡ್ಸ್ ಊರಿನಲ್ಲಿ, ಪಕ್ಕದ ಬಿಯರ್ ಭಟ್ಟಿಯಲ್ಲಿ.

ಅಗ್ಗದ ಮೊದಲ ದಾರಿಯೂ ಈ ಭಟ್ಟಿಯ ದಾರಿಯೇ. ಬಾಟಲಿಯಲ್ಲಿ ಸಕ್ಕರೆ ನೀರು, ಅದಕ್ಕೆ ಅರ್ಧ ಚಮಚ ಬೇಕರಿ ಯೀಸ್ಟು, ಮುಚ್ಚಳದಿಂದ ತೊಟ್ಟಿಗೊಂದು ಸಣ್ಣ ಪೈಪು. ತಂಪು ಊರಿನಲ್ಲಿ ಇದು ಎರಡು ವಾರ ನಿಧಾನವಾಗಿ ನಡೆಯುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಯೀಸ್ಟಿಗೆ ಹಬ್ಬ. ಮೊದಲ ದಿನಗಳಲ್ಲೇ ಉಕ್ಕಿ ಹರಿದು ಆಮೇಲೆ ಸುಮ್ಮನಾಗುತ್ತದೆ. ರಾತ್ರಿ ನಿಲ್ಲಿಸೋಣವೆಂದರೆ ಅದಕ್ಕೆ ಸ್ವಿಚ್ಚಿಲ್ಲ, ಪೈಪು ಬಿಗಿದರೆ ಬಾಟಲಿ ಉಬ್ಬುತ್ತದೆ. ಜೊತೆಗೆ ವಾಸನೆ. ಊರಿಂದ ಬಂದ ಸೋದರತ್ತೆ ಒಳಗೆ ಕಾಲಿಟ್ಟವರೇ ಮೂಗು ಅರಳಿಸಿ, "ಏನೋ ತಮ್ಮಾ, ಮನೇಲೇ ಇಳಿಸ್ತಿದೀಯಾ?" ಎಂದು ಕೇಳಿದರೆ ರಸಾಯನಶಾಸ್ತ್ರ ನೆರವಿಗೆ ಬರುವುದಿಲ್ಲ.

ಎರಡನೆಯದು ಮರ್ಯಾದಸ್ಥರ ದಾರಿ. ಚೌಕಿಪೇಟೆಯ ಕಿರಾಣಿ ಅಂಗಡಿಯಲ್ಲಿ 200 ಗ್ರಾಂ ಅಡುಗೆ ಸೋಡಾ, 200 ಗ್ರಾಂ ಸಿಟ್ರಿಕ್ ಆಸಿಡ್ ಕೊಂಡರೆ ಸಾಮಾನು ಮುಗಿಯಿತು. "ಏನ್ ಮಾಡ್ತೀರಿ ಸಾರ್, ಕೇಟರಿಂಗಾ?" ಎಂದು ಅಂಗಡಿಯವರು ಕೇಳುತ್ತಾರೆ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗಳು ಎರಡು. ಅವೇ ಆಗಬೇಕು, ಗ್ಯಾಸಿನ ಒತ್ತಡ ತಡೆಯಲೆಂದೇ ಮಾಡಿದವು ಅವು. ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಗಾಜಿನದಂತೂ ಬೇಡವೇ ಬೇಡ. ಒಂದರಲ್ಲಿ ಆಸಿಡ್ಡನ್ನು 600 ಮಿಲಿಲೀಟರ್ ನೀರಿಗೆ ಕರಗಿಸಿ, ಇನ್ನೊಂದರಲ್ಲಿ ಸೋಡಾಕ್ಕೆ 200 ಮಿಲಿಲೀಟರ್ ನೀರು ಹಾಕಿ, ನಡುವೆ ಪೈಪು ಕೂಡಿಸಬೇಕು. ಹುಳಿಯ ಬಾಟಲಿಯನ್ನು ಒಮ್ಮೆ ಹಿಚುಕಿದರೆ ಸ್ವಲ್ಪ ಹುಳಿ ಸೋಡಾಕ್ಕೆ ಬೀಳುತ್ತದೆ, ಗ್ಯಾಸು ಏಳುತ್ತದೆ. ಗ್ಯಾಸು ಖರ್ಚಾಗಿ ಒತ್ತಡ ಇಳಿದಂತೆ ಮತ್ತಷ್ಟು ಹುಳಿ ತಾನಾಗಿ ಹೋಗುತ್ತದೆ. ಲೆಕ್ಕದ ಪ್ರಕಾರ 200 ಗ್ರಾಂ ಸೋಡಾದಿಂದ ಸುಮಾರು 105 ಗ್ರಾಂ ಗ್ಯಾಸು. ಅದಕ್ಕೆ 152 ಗ್ರಾಂ ಆಸಿಡ್ ಸಾಕು, ಉಳಿದದ್ದು ಕೊಸರು. ಎರಡಡಿ ತೊಟ್ಟಿಗೆ ಇದು ಎರಡು ಮೂರು ವಾರ ಬರುತ್ತದೆ.

ಇನ್ನು ಪೈಪು. ಆನ್‌ಲೈನಿನಲ್ಲಿ ಸಣ್ಣ ವಾಲ್ವಿಗೂ, ಗುಳ್ಳೆ ಎಣಿಸುವ ಗಾಜಿನ ಬುರುಡೆಗೂ ಬೇರೆ ಬೇರೆ ಬೆಲೆ. ದಾವಣಗೆರೆಯಲ್ಲಿ ಎರಡೂ ಸೇರಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ: ಡ್ರಿಪ್ ಸೆಟ್. ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ ಶುರುವಾದಾಗಿನಿಂದ ಬೆಳೆಯುತ್ತ ಬಂದ ಆಸ್ಪತ್ರೆಗಳ ಊರು ಇದು, ಡ್ರಿಪ್ ಸೆಟ್ಟಿಗೆ ಬರವಿಲ್ಲ. ಅದರ ಗಾಲಿ ತಿರುಗಿಸಿದರೆ ಗ್ಯಾಸು ಹೆಚ್ಚು ಕಡಿಮೆ ಮಾಡಬಹುದು, ಹನಿ ಬೀಳುವ ಕೊಳವೆಗೆ ಸ್ವಲ್ಪ ನೀರು ಬಿಟ್ಟು ಗುಳ್ಳೆ ಎಣಿಸಬಹುದು. ಅಂಗಡಿಯ ಹುಡುಗ ಮರುಕದಿಂದ "ಪೇಷೆಂಟ್ ಮನೇಲೇ ಇದಾರಾ ಅಣ್ಣಾ?" ಎಂದ. ಹೌದೆಂದೆ. ಇದರ ಜೊತೆಗೆ ನೀರು ಬಾಟಲಿಗೆ ಹಿಂದಿರುಗದಂತೆ ತಡೆಯುವ ಚೆಕ್ ವಾಲ್ವು ಮಾತ್ರ ಅಕ್ವೇರಿಯಂ ಅಂಗಡಿಯಿಂದಲೇ ತರಬೇಕು.

ಮುಚ್ಚಳ ಸೋರಿದರೆ ಹರಿಹರ ಇದೆ. 1941ರಲ್ಲಿ ಕಿರ್ಲೋಸ್ಕರ್ ಕಂಪನಿ ಲೇತ್ ಯಂತ್ರಗಳ ಕಾರ್ಖಾನೆ ಕಟ್ಟಿದ ಊರು. ಕಾರ್ಖಾನೆ ಮುಚ್ಚಿತು, ಕೈಗಳ ಹದ ಉಳಿಯಿತು. ಅಲ್ಲಿನ ಒಂದು ಸಣ್ಣ ವರ್ಕ್‌ಶಾಪಿನ ಹಿರಿಯರು ನನ್ನ ಬಾಟಲಿ ಮುಚ್ಚಳಕ್ಕೆ ಹಿತ್ತಾಳೆಯ ನಿಪ್ಪಲ್ ಕಡೆದು ಕೊಟ್ಟರು. ಗ್ಯಾಸ್ ಸಿಲಿಂಡರಿಗೂ ಒಂದು ಅಡಾಪ್ಟರ್ ಮಾಡಿಕೊಡಿ ಎಂದಾಗ ಮಾತ್ರ ಕನ್ನಡಕ ತೆಗೆದು, "ಬಾಟಲಿ ಕೆಲಸ ಎಷ್ಟು ಬೇಕಾದ್ರೂ ತನ್ನಿ, ಸಿಲಿಂಡರ್ ಕೆಲಸ ತರಬೇಡಿ" ಎಂದರು. ಅವರ ಮಾತು ಸರಿ. 31 ಡಿಗ್ರಿ ದಾಟಿದರೆ ಈ ಗ್ಯಾಸು ದ್ರವವಾಗಿ ಉಳಿಯುವುದೇ ಇಲ್ಲ, ಸಿಲಿಂಡರಿನೊಳಗೆ ಒತ್ತಡ ಏರುತ್ತಲೇ ಹೋಗುತ್ತದೆ. 31 ಡಿಗ್ರಿ ನಮ್ಮಲ್ಲಿ ಶಿವರಾತ್ರಿಗೇ ದಾಟುತ್ತದೆ. ಸಿಲಿಂಡರ್ ಇಡುವವರು ಸರಿಯಾದ ರೆಗ್ಯುಲೇಟರ್ ಕೊಂಡು, ಬಿಸಿಲು ಬೀಳದ ಕಡೆ ಇಡಬೇಕು.

ಅಲ್ಲಿಯವರೆಗೆ ಹೋದವನು ಹರಿಹರೇಶ್ವರನನ್ನು ನೋಡದೆ ಬರಲಾದೀತೆ? ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ಗಿಡದ ತೊಟ್ಟಿಯ ಶಾಸ್ತ್ರವೂ ಇಷ್ಟೇ: ಅರ್ಧ ಬೆಳಕು, ಅರ್ಧ ಗ್ಯಾಸು. ಬೆಳಕು ಹೆಚ್ಚಾಗಿ ಗ್ಯಾಸು ಕಡಿಮೆಯಾದರೆ ಪಾಚಿ. ಗ್ಯಾಸು ಅತಿಯಾದರೆ ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ. ಸೆಕೆಯಲ್ಲಿ ನೀರಿನ ಆಮ್ಲಜನಕವೂ ಕಡಿಮೆ, ಅಪಾಯ ಇನ್ನೂ ಹೆಚ್ಚು. ಇದಕ್ಕೆಂದೇ ತೊಟ್ಟಿಯೊಳಗೆ ನೇತು ಹಾಕುವ ಡ್ರಾಪ್ ಚೆಕರ್ ಇದೆ. ಅದರ ದ್ರಾವಣ ನೀಲಿ ಇದ್ದರೆ ಗ್ಯಾಸು ಸಾಲದು, ಹಸಿರಾದರೆ ಸರಿ, ಹಳದಿಯಾದರೆ ತಕ್ಷಣ ನಿಲ್ಲಿಸಬೇಕು. ರಾತ್ರಿ ಗಿಡಗಳೂ ಇದೇ ಗ್ಯಾಸನ್ನು ಬಿಡುತ್ತವಾದ್ದರಿಂದ ದೀಪ ಆರಿಸುವಾಗ ಡ್ರಿಪ್ ಸೆಟ್ಟಿನ ಗಾಲಿಯನ್ನೂ ಬಿಗಿಯಬೇಕು.

ಗುಡಿಯಿಂದ ನಾಲ್ಕು ಹೆಜ್ಜೆ ಇಳಿದರೆ ತುಂಗಭದ್ರೆ. ಹೊಳೆಯ ಗಿಡಗಳಿಗೆ ಯಾರೂ ಸೋಡಾ ಕೊಡುವುದಿಲ್ಲ. ತಳದ ಕೆಸರು ಕೊಳೆತು ಗ್ಯಾಸು ಕೊಡುತ್ತದೆ, ಹರಿವು ಅದನ್ನು ಹಂಚುತ್ತದೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಗಟ್ಟಿ ಗಿಡಗಳಂತೂ ನೀರಿನಲ್ಲಿ ಕರಗಿರುವ ಬೈಕಾರ್ಬನೇಟಿನಿಂದಲೇ ಇಂಗಾಲ ಹೀರಬಲ್ಲವು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಅವಕ್ಕೆ ಮೃಷ್ಟಾನ್ನ. ತಮಾಷೆಯೆಂದರೆ, ಗ್ಯಾಸಿಲ್ಲದೆ ಮುಖ ಬಾಡಿಸುವ ಕೆಂಪು ರೊಟಾಲಾ ಮಕ್ರಾಂಡ್ರಾ ಪರದೇಶಿಯೇನಲ್ಲ, ಪಶ್ಚಿಮ ಘಟ್ಟದ್ದೇ ಗಿಡ. ತುಂಗೆ, ಭದ್ರೆಯರ ತವರೂ ಅದೇ ಘಟ್ಟ.

ಆದ್ದರಿಂದ ಹೊಸದಾಗಿ ತೊಟ್ಟಿ ಇಡುವವರಿಗೆ ನನ್ನದೊಂದು ಮಾತು. ಗ್ಯಾಸಿಗೆ ದುಡ್ಡು ಹಾಕುವ ಮೊದಲು ದೀಪವನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ನೆಟ್ಟು ನೋಡಿ. ಅಷ್ಟಕ್ಕೇ ಮನಸ್ಸು ತಣಿದರೆ ನಿಮ್ಮಷ್ಟು ಸುಖಿಗಳಿಲ್ಲ. ಕೆಂಪೆಲೆಯೇ ಬೇಕೆಂದು ಹಟ ಹಿಡಿದರೆ ಎರಡು ಬಾಟಲಿ, ಒಂದು ಡ್ರಿಪ್ ಸೆಟ್ಟು, ಒಂದು ಚೆಕ್ ವಾಲ್ವು ಸಾಕು. ಗುಳ್ಳೆ ಎಷ್ಟು ಬೀಳುತ್ತಿದೆ ಎಂದು ದಿನಾ ನೋಡುವ ವ್ಯವಧಾನ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅದನ್ನು ಮನೆಯಿಂದಲೇ ಹಾಕಬೇಕು.