ನಾಳೆ ಬಾ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಸುಮ್ಮನೆ ಹೊರಟುಹೋಗುತ್ತದೆ, ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ ಎಂಬ ನಂಬಿಕೆ. ಎಂಥ ಸಾಧು ದೆವ್ವ! ಕನ್ನಡ ಬರುತ್ತದೆ, ಎದುರು ಮಾತಾಡುವುದಿಲ್ಲ, ಮೇಲಧಿಕಾರಿಗೆ ದೂರು ಕೊಡುವುದಿಲ್ಲ. ಈ ಉಪಾಯ ಮೊದಲು ಯಾರಿಗೆ ಹೊಳೆಯಿತೋ ಗೊತ್ತಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರೇ ಇರಬೇಕು ಎಂದು ನನ್ನ ಗುಮಾನಿ.

ಸರ್ಕಾರಕ್ಕೂ ಈ ಗುಮಾನಿ ಇದ್ದಿರಬೇಕು. 2012ರ ಏಪ್ರಿಲ್ 2ರಂದು ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಶುರುವಾದಾಗ ಅದರ ಘೋಷಣೆಯೇ ‘ಇಂದು, ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಎಂದಿತ್ತು. ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ಒಂದು ಸಂಖ್ಯೆ. ಕೆಲಸ ಇಂಥ ದಿನದೊಳಗೆ ಆಗಬೇಕು. ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದು ತಡಮಾಡಿದ ಅಧಿಕಾರಿಯ ಜೇಬಿನಿಂದಲೇ ಬರಬೇಕು. 20 ರೂಪಾಯಿ ಆಗ ಹೆಚ್ಚುಕಡಿಮೆ ಆಟೋದ ಮಿನಿಮಮ್ ದರ. ಈಗ ಮಿನಿಮಮ್ 36 ಆಗಿದೆ. ಕಾಯ್ದೆಯಲ್ಲಿ ಬರೆದ ಒಂದು ದಿನದ ಪರಿಹಾರ ಪಡೆಯಲು ಆಟೋದಲ್ಲಿ ಹೋದವನಿಗೆ ಹೋಗುವಾಗಲೇ 16 ರೂಪಾಯಿ ನಷ್ಟ. ಆದರೂ ಆ 20 ರೂಪಾಯಿಯನ್ನು ನಾನು ಹಗುರವಾಗಿ ಕಾಣಲಾರೆ. ಪ್ರಜೆಗೆ ಸರ್ಕಾರದಿಂದ ಒಂದು ತಾರೀಖು ಬಾಕಿಯಿದೆ ಎಂದು ಕಾಯ್ದೆ ಒಪ್ಪಿಕೊಂಡಿತಲ್ಲ, ಅದು ಸಣ್ಣ ಮಾತಲ್ಲ.

ಹಾಗೆ ನೋಡಿದರೆ ಆಡಳಿತ ಸುಧಾರಣೆ ನಮ್ಮವರಿಗೆ ಅಂಟಿಕೊಂಡ ಗೀಳು. ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದ ಕೆಂಗಲ್ ಹನುಮಂತಯ್ಯನವರೇ ಮುಂದೆ ದೇಶದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. 1966ರಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಹುಟ್ಟಿದ ಆಯೋಗ ಅದು. ಅವರು ಉಪಪ್ರಧಾನಿಯಾದ ಮೇಲೆ ಕುರ್ಚಿ ಕೆಂಗಲ್ಲರಿಗೆ ಬಂತು. 2005ರ ಎರಡನೆಯ ಆಯೋಗಕ್ಕೆ ವೀರಪ್ಪ ಮೊಯಿಲಿ. ಎರಡಕ್ಕೂ ನಮ್ಮ ಮಾಜಿ ಮುಖ್ಯಮಂತ್ರಿಗಳೇ ಆಗಬೇಕಾಯಿತು. ಎರಡೂ ಸೇರಿ ಮೂವತ್ತೈದು ವರದಿ. ರಾಜ್ಯದ ಲೆಕ್ಕ ಬೇರೆ: ಹಾರನಹಳ್ಳಿ ರಾಮಸ್ವಾಮಿ, ಟಿ.ಎಂ. ವಿಜಯಭಾಸ್ಕರ್, ಆರ್.ವಿ. ದೇಶಪಾಂಡೆ.

ಇವಲ್ಲದೆ ಸರ್ಕಾರಿ ಆದೇಶವಿಲ್ಲದ ಆಯೋಗವೊಂದು ಜಯನಗರದ ಲಕ್ಷ್ಮಣ ರಾವ್ ಪಾರ್ಕಿನಲ್ಲಿ, ಮೆಟ್ರೋ ಕಂಬಗಳ ಪಕ್ಕದ ಕಲ್ಲುಬೆಂಚಿನ ಮೇಲೆ, ದಿನಾ ಬೆಳಗ್ಗೆ ಸೇರುತ್ತದೆ. ಸದಸ್ಯರೆಲ್ಲ ನಿವೃತ್ತರು. ಸಚಿವಾಲಯದಲ್ಲಿ ಅಧೀನ ಕಾರ್ಯದರ್ಶಿಯಾಗಿದ್ದವರೊಬ್ಬರು, ವಿದ್ಯುತ್ ಮಂಡಳಿಯ ಇಂಜಿನಿಯರೊಬ್ಬರು, ಮತ್ತೆ ಮೇಷ್ಟರಾಗಿದ್ದ ನಮ್ಮ ಮೂರ್ತಿಗಳು. ಸೇವೆಯಲ್ಲಿದ್ದಾಗ ಕಡತಕ್ಕೆ ‘ಚರ್ಚಿಸಿ’ ಎಂದು ಬರೆದು ಕೆಳಗೆ ತಳ್ಳುತ್ತಿದ್ದವರು ಈಗ ನಿಜಕ್ಕೂ ಚರ್ಚಿಸುತ್ತಾರೆ. ಚಟ್ನಿ ಗಟ್ಟಿಯೋ ನೀರೋ ಎಂಬುದರಿಂದ ಹಿಡಿದು ಪಾಲಿಕೆ ಒಂದಿರಬೇಕೋ ಐದಿರಬೇಕೋ ಎಂಬವರೆಗೆ ಎಲ್ಲವೂ ಅವರ ವ್ಯಾಪ್ತಿಗೆ ಬರುತ್ತದೆ.

ಆದ ಸುಧಾರಣೆಗಳನ್ನು ಮಾತ್ರ ಈ ಆಯೋಗ ನೆನೆಯುವುದೇ ಇಲ್ಲ. ಕರೆಂಟ್ ಬಿಲ್ಲಿಗೊಂದು ಕ್ಯೂ, ನೀರಿನ ಬಿಲ್ಲಿಗೊಂದು ಕ್ಯೂ, ಫೋನಿಗೊಂದು ಎಂದು ರಜೆ ಹಾಕಿ ತಿರುಗುತ್ತಿದ್ದ ಕಾಲ 2005ರಲ್ಲಿ ‘ಬೆಂಗಳೂರು ಒನ್’ ಬಂದಮೇಲೆ ಸದ್ದಿಲ್ಲದೆ ಮುಗಿಯಿತು. ಆಸ್ತಿ ತೆರಿಗೆಯನ್ನು ನೀವೇ ಲೆಕ್ಕ ಹಾಕಿ ಕಟ್ಟಿ ಎಂದು 2000ದಲ್ಲಿ ಪಾಲಿಕೆ ಹೇಳಿದಾಗ ಜನ ಸುಳ್ಳು ಲೆಕ್ಕ ಬರೆಯುತ್ತಾರೆ ಎಂದು ಹೆದರಿದವರಿದ್ದರು. ದಕ್ಷಿಣ ಬೆಂಗಳೂರಿನ ಪಿಂಚಣಿದಾರರನ್ನು ಅವರು ಬಲ್ಲವರಲ್ಲ. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಎಂಬ ಒಂದೇ ಮಾತಿಗೆ ಯುಗಾದಿಯ ಬೇವು ಬೆಲ್ಲ ನುಂಗುವ ಮೊದಲೇ ಚದರಡಿ ಗುಣಿಸಿಟ್ಟುಕೊಳ್ಳುವ ಜನ ಇದು.

ಸುಧಾರಣೆ ಎಡವುವುದು ಎಲ್ಲಿ ಅಂದರೆ, ಕೌಂಟರಿನ ಮೊದಲ ಐದು ನಿಮಿಷದಲ್ಲಿ. ಸಕಾಲದ ಗಡಿಯಾರ ಓಡುವುದು ಸಂಖ್ಯೆ ಕೊಟ್ಟಮೇಲೆ. ಸಂಖ್ಯೆ ಕೊಡುವುದು ಅರ್ಜಿ ತೆಗೆದುಕೊಂಡಮೇಲೆ. ತೆಗೆದುಕೊಳ್ಳದಿದ್ದರೆ? ‘ಇನ್ನೊಂದು ಜೆರಾಕ್ಸ್ ತನ್ನಿ’, ‘ಸರ್ವರ್ ಇಲ್ಲ’, ‘ಇದಕ್ಕೆ ಸೈನ್ ಬೇಕು, ಸೈನ್ ಹಾಕೋರು ಮೀಟಿಂಗ್‌ಗೆ ಹೋಗಿದಾರೆ’. ಅಂಕಿ ಅಂಶಗಳಲ್ಲಿ ವಿಳಂಬವೇ ಇಲ್ಲ, ಏಕೆಂದರೆ ಅರ್ಜಿಯೇ ಇಲ್ಲ. ಈ ಜಾಣತನ ಮೂವತ್ತೈದು ವರದಿಗಳನ್ನೂ ನೀರು ಕುಡಿಸಬಲ್ಲದು.

ಮೂರ್ತಿಗಳು ತಮ್ಮ ಸೈಟಿನ ಖಾತೆಯ ಕೆಲಸಕ್ಕೆ ಒಂದು ಕಚೇರಿಗೆ ಹೋದರು. ಕ್ರಯಪತ್ರದಲ್ಲಿ ಅವರ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಪತ್ರದ ಮೂರ್ತಿಗೆ ಇಂಗ್ಲಿಷಿನಲ್ಲಿ ಒಂದು ‘ಯು’, ಆಧಾರ್‌ನ ಮೂರ್ತಿಗೆ ಎರಡು ‘ಓ’. ಕಂಪ್ಯೂಟರಿನ ಪ್ರಕಾರ ಇಬ್ಬರೂ ಬೇರೆ ಮನುಷ್ಯರು, ಮೂರನೆಯವರಾದ ಇವರು ಎದುರಿಗೆ ನಿಂತಿದ್ದಾರೆ. ‘ಹೆಸರು ಸರಿಮಾಡಿಸ್ಕೊಂಡು ಬನ್ನಿ’ ಎಂದು ಕಾಗದ ವಾಪಸ್. ಹೀಗೆ ಕೆಲವು ಸಲ ಆಯಿತು.

ವಿಷಯ ಕಲ್ಲುಬೆಂಚಿನ ಆಯೋಗಕ್ಕೆ ಬಂತು. ಅಧೀನ ಕಾರ್ಯದರ್ಶಿಗಳು ಕಣ್ಣು ಮುಚ್ಚಿ ಯೋಚಿಸಿ, ಮೂವತ್ತು ವರ್ಷ ತಮಗೆ ಯಾರೂ ಹೇಳದಿರಲಿ ಎಂದು ಹರಕೆ ಹೊತ್ತಿದ್ದ ಮಾತೊಂದನ್ನು ಹೊರಗೆಡವಿದರು: ‘ಜಗಳ ಆಡ್ಬೇಡಿ ಮೇಷ್ಟ್ರೇ. ತಗೊಳಲ್ಲ ಅಂದ್ರೆ, ಯಾಕೆ ತಗೊಳಲ್ಲ ಅಂತ ಇದರ ಮೇಲೆ ಬರೆದು ಸೈನ್ ಹಾಕ್ಕೊಡಿ ಅನ್ನಿ. ಅಷ್ಟೇ.’

ಮೂರ್ತಿಗಳು ಹಾಗೇ ಅಂದರು. ಕೌಂಟರಿನ ಹುಡುಗ ಅರ್ಜಿಯನ್ನು ನೋಡಿದ, ಪೆನ್ನನ್ನು ನೋಡಿದ, ಇವರ ಮುಖ ನೋಡಿದ. ‘ಸಾರ್, ತಾವು ಯಾವ ಡಿಪಾರ್ಟ್‌ಮೆಂಟಲ್ಲಿದ್ರಿ?’ ಎಂದು ಎದ್ದು ಕುರ್ಚಿ ತೋರಿಸಿದ. ಹದಿನೈದು ಅಂಕಿಯ ಚೀಟಿ ಕೈಗೆ ಬಂತು. ಕೆಳಗೆ ತಾರೀಖೂ ಇತ್ತು. ‘ನಾನು ಬರೀ ಮೇಷ್ಟ್ರು ಕಣಪ್ಪ’ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ಮೂರ್ತಿಗಳು ನುಂಗಿಕೊಂಡರಂತೆ.

ಅವರ ಹಿಂದೆ ತಾವರೆಕೆರೆ ಕಡೆಯ ಹೆಂಗಸೊಬ್ಬಳು ವಿಧವಾ ವೇತನದ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ನಿಂತಿದ್ದಳು. ಇವರು ಹೊರಡುವಾಗ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳಂತೆ: ‘ಸಾ, ಅವ್ರಿಗೆ ಏನೋ ಅಂದ್ರಲ್ಲ, ಬರ್ಕೊಡಿ ಅಂತ, ಅದು ಇನ್ನೊಂದ್ಸಲ ಹೇಳಿ.’